ಹಳೆ ಕ್ರಾಫ್ಟ್ಸ್‌ಮನ್ ಬಂಗಲೆಯ ಕಿಟಕಿ ಕೀಳಿಸುವ ಮುನ್ನ ಇದನ್ನು ಓದಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನ್ಯಾಗ್ಲಿ ಪಾರ್ಕ್, ಬರ್ಕ್ಲಿ, ಅಲಮೀಡಾ, ದಕ್ಷಿಣಕ್ಕೆ ಹೋದರೆ ಪಸಡೀನಾ. ಈ ಕಡೆಗಳಲ್ಲಿ ನೂರು ವರ್ಷ ದಾಟಿದ ಕ್ರಾಫ್ಟ್ಸ್‌ಮನ್ ಬಂಗಲೆ (20ನೇ ಶತಮಾನದ ಆರಂಭದ ಅಮೆರಿಕನ್ ಶೈಲಿಯ, ಮರದ ಕೆಲಸ ಹೆಚ್ಚಿರುವ ಮನೆ) ಕೊಂಡಿರುವ, ಕೊಳ್ಳಲು ನೋಡುತ್ತಿರುವ ಕನ್ನಡಿಗರಿಗೆ ಇದು. ಅಂಥ ಒಂದು ಮನೆಯ ಕಿಟಕಿ ಬದಲಿಸಿದ ಗುತ್ತಿಗೆದಾರರ ಕಥೆ ಹೇಳುತ್ತೇನೆ. ಅವರ ಹೆಸರು ಬೇಡ, ಅವರಂತೆಯೇ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ.

1912ರ ಮನೆ. ‘ಮರವೆಲ್ಲ ಲಡ್ಡಾಗಿದೆ, ವಿನೈಲ್ (ಪ್ಲಾಸ್ಟಿಕ್) ಕಿಟಕಿ ಹಾಕಿಸಿದರೆ ಕರೆಂಟು, ಗ್ಯಾಸ್ ಬಿಲ್ ಅರ್ಧಕ್ಕಿಳಿಯುತ್ತೆ’ ಎಂದು ನಂಬಿಸಿ ಅರ್ಧ ಹಣ ಮುಂಗಡ ಪಡೆದರು. ನಿಜಕ್ಕೂ ಲಡ್ಡಾಗಿದ್ದದ್ದು ಪಶ್ಚಿಮದ ಎರಡು ಕಿಟಕಿಗಳ ಸಿಲ್, ಅಂದರೆ ಕೆಳಗಿನ ಅಡ್ಡಹಲಗೆ, ಮಾತ್ರ. ಉಳಿದದ್ದು ಹಳೆ ಕಾಡಿನ ಡಗ್ಲಸ್ ಫರ್, ಉಂಗುರಗಳು ಒತ್ತೊತ್ತಾಗಿರುವ ಗಟ್ಟಿ ಮರ. ಇವತ್ತು ಅಂಗಡಿಯಲ್ಲಿ ಸಿಗುವ ನೆಡುತೋಪಿನ ಮರ ಅದರ ಹತ್ತಿರಕ್ಕೂ ಬರುವುದಿಲ್ಲ. ಅದೆಲ್ಲ ಕಸಕ್ಕೆ ಹೋಯಿತು.

ಚಳಿಗಾಲದಲ್ಲಿ ಗಾಳಿ ಮೊದಲಿನಷ್ಟೇ ನುಗ್ಗಿತು. ಈ ಹಳೆ ಕಿಟಕಿಗಳ ಎರಡೂ ಪಕ್ಕ ಚೌಕಟ್ಟಿನ ಹಿಂದೆ ಟೊಳ್ಳು ಗೂಡು ಇರುತ್ತದೆ. ಅದರಲ್ಲಿ ಎರಕದ ಕಬ್ಬಿಣದ ತೂಕಗಳು ಹಗ್ಗಕ್ಕೆ ನೇತಾಡುತ್ತವೆ. ಬಾವಿ ರಾಟೆಯ ಹಾಗೆ, ಸ್ಯಾಶ್, ಅಂದರೆ ಮೇಲೆ ಕೆಳಗೆ ಜಾರುವ ಗಾಜಿನ ಬಾಗಿಲು, ಮೇಲೇರಿದರೆ ತೂಕ ಕೆಳಗಿಳಿಯುತ್ತದೆ. ಇವರು ಹಗ್ಗ ಕತ್ತರಿಸಿ, ತೂಕ ಒಳಗೇ ಬೀಳಿಸಿ, ಹಳೆ ಚೌಕಟ್ಟಿನೊಳಗೆ ವಿನೈಲ್ ಪೆಟ್ಟಿಗೆ ಕೂರಿಸಿ ಸುತ್ತ ಸಿಲಿಕೋನ್ ಎಳೆದರು. ಟೊಳ್ಳನ್ನು ತುಂಬಲೇ ಇಲ್ಲ. ದಪ್ಪ ಅಂಚಿನಿಂದ ಗಾಜು ಕಿರಿದಾಗಿ ಕೋಣೆಯೂ ಮಬ್ಬಾಯಿತು. ಬಿಲ್ ಇಳಿಸುವುದೇ ಗುರಿಯಾಗಿದ್ದರೆ ಮೊದಲು ಅಟ್ಟಕ್ಕೆ ಇನ್ಸುಲೇಷನ್ ಹಾಕಬೇಕಿತ್ತು.

ಇನ್ನೂ ಕೆಟ್ಟದ್ದು ಸೀಸದ ಪುಡಿ. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಕಿಟಕಿ ಬದಲಿಸಲು 2010ರಿಂದ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಪ್ರಮಾಣಪತ್ರ ಇರುವ ಸಂಸ್ಥೆಯೇ ಬೇಕು. ಹೊರಗೆ ಬಣ್ಣ ಕೆರೆಯುವಾಗ ಗೋಡೆಯಿಂದ 10 ಅಡಿವರೆಗೆ ನೆಲಕ್ಕೆ ಪ್ಲಾಸ್ಟಿಕ್ ಹಾಸಬೇಕು, ಉಜ್ಜುವ ಯಂತ್ರವಾದ ಸ್ಯಾಂಡರ್‌ಗೆ ಹೆಪಾ (ಅತಿ ಸಣ್ಣ ಧೂಳನ್ನೂ ಹಿಡಿಯುವ) ವ್ಯಾಕ್ಯೂಮ್ ಜೋಡಿಸಿರಬೇಕು, ಬಿಸಿಗಾಳಿ ಊದುವ ಹೀಟ್ ಗನ್ 1,100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬಾರದು. ಇಲ್ಲಿ ಬರೀ ಸ್ಯಾಂಡರ್ ಓಡಿಸಿದರು. ಬಿಳಿ ಪುಡಿ ಕಿಟಕಿ ಕೆಳಗಿನ ಮೆಂತ್ಯ ಸೊಪ್ಪಿನ ಪಾತಿಯ ಮೇಲೆ ಕೂತಿತು. ಮೇಲ್ಮಣ್ಣನ್ನೇ ತೆಗೆಸಬೇಕಾಯಿತು.

ಅನುಮತಿಯನ್ನೂ ಪಡೆದಿರಲಿಲ್ಲ. ಮನೆ ನಗರದ ಐತಿಹಾಸಿಕ ಪಟ್ಟಿಯಲ್ಲಿತ್ತು, ಮರದ ಕಿಟಕಿ ಮತ್ತೆ ಹಾಕಿಸಿ ಎಂದು ನೋಟಿಸ್ ಬಂತು. ಐತಿಹಾಸಿಕ ಕಟ್ಟಡ ಕಾಪಾಡುವವರಿಗಾಗಿ ಕ್ಯಾಲಿಫೋರ್ನಿಯಾದಲ್ಲಿರುವ ಮಿಲ್ಸ್ ಆ್ಯಕ್ಟ್ ಎಂಬ ಕಾಯ್ದೆಯ ಕರಾರಿನಲ್ಲಿ ಆಸ್ತಿ ತೆರಿಗೆ ರಿಯಾಯಿತಿ ಪಡೆಯುತ್ತಿರುವವರು ಇನ್ನಷ್ಟು ಹುಷಾರಾಗಿರಬೇಕು. ಕರಾರು ಕನಿಷ್ಠ 10 ವರ್ಷದ್ದು. ಅದನ್ನು ಮುರಿದದ್ದಕ್ಕೆ ರದ್ದಾದರೆ ಆಸ್ತಿಯ ಮಾರುಕಟ್ಟೆ ಬೆಲೆಯ ಶೇ. 12.5ರಷ್ಟು ದಂಡ.

ಆ ಕಿಟಕಿಗಳಿಗೆ ಬೇಕಿದ್ದದ್ದು ರಿಪೇರಿ. ಬಣ್ಣ ಅಂಟಿಕೊಂಡ ಸಂದನ್ನು ಚಾಕುವಿನಿಂದ ಸೀಳಿ, ಒಳಗಡೆಯ ಪಟ್ಟಿ ಬಿಚ್ಚಿದರೆ ಕೆಳಗಿನ ಸ್ಯಾಶ್ ಈಚೆ ಬರುತ್ತದೆ. ನಡುವಿನ ತೆಳು ಪಟ್ಟಿ ತೆಗೆದರೆ ಮೇಲಿನದ್ದು. ಪ್ರತಿ ಸ್ಯಾಶ್‌ಗೂ ನಂಬರ್ ಬರೆಯಿರಿ, ಇಲ್ಲದಿದ್ದರೆ ತಿರುಗಿ ಕೂರಿಸುವಾಗ ಒಂದೂ ಹೊಂದುವುದಿಲ್ಲ. ಒಣಗಿದ ಪುಟ್ಟಿಯನ್ನು ಹಬೆ ಕೊಟ್ಟು ಮೆತ್ತಗೆ ಮಾಡಿ ತೆಗೆಯಿರಿ. ಉಳಿ ಹಾಕಿ ಎಬ್ಬಿದರೆ ಅಲೆಅಲೆಯಾದ ಆ ಹಳೆ ಗಾಜು ಒಡೆಯುತ್ತದೆ. ಬರಿ ಮರಕ್ಕೆ ಮೊದಲು ಎಣ್ಣೆ ಪ್ರೈಮರ್, ಆಮೇಲೆ ಅಗಸೆ ಎಣ್ಣೆಯ ಪುಟ್ಟಿ. ಪ್ರೈಮರ್ ಬಿಟ್ಟರೆ ಒಣಮರ ಎಣ್ಣೆ ಹೀರಿಕೊಂಡು ಪುಟ್ಟಿ ಬಿರಿಯುತ್ತದೆ. ಪುಟ್ಟಿಯ ಮೇಲೆ ಪೊರೆ ಕಟ್ಟುವವರೆಗೆ, ಒಂದೆರಡು ವಾರ, ಬಣ್ಣ ಬೇಡ. ಬಳಿಯುವಾಗ ಬಣ್ಣ ಗಾಜಿನ ಮೇಲೆ ಒಂದೂವರೆ ಮಿಲಿಮೀಟರ್ ಹತ್ತಬೇಕು, ಆಗ ಸಂದಿಗೆ ನೀರಿಳಿಯುವುದಿಲ್ಲ. ತೂಕಗಳಿಗೆ ಕಾಲು ಇಂಚಿನ ಹೊಸ ಹತ್ತಿ ಹಗ್ಗ, ಅಂಚಿಗೆ ಸ್ಪ್ರಿಂಗ್ ಕಂಚಿನ ಪಟ್ಟಿ ಹಾಕಿದರೆ ಗಾಳಿಯೂ ನಿಲ್ಲುತ್ತದೆ. ಲಡ್ಡಾದ ಸಿಲ್‌ಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿದ್ದರೆ ಸಾಕಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೆಲಸಕ್ಕೆ ಮುಂಗಡ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. ಅರ್ಧ ಕೇಳಿದವರನ್ನು ಬಾಗಿಲಿಂದಲೇ ವಾಪಸ್ ಕಳಿಸಿಬಿಡಿ. ಮನೆಗೆ ಬಂದು ಸಹಿ ಹಾಕಿಸಿಕೊಂಡಿದ್ದರೆ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು, 65 ತುಂಬಿದವರಿಗೆ ಐದು ದಿನ. ಕಿತ್ತದ್ದು ಆಗಿಹೋಗಿದ್ದರೆ ಸ್ಯಾಶ್, ರಾಟೆ, ತೂಕ, ಗಾಜು ಯಾವುದನ್ನೂ ಒಯ್ಯಲು ಬಿಡದೆ ಗ್ಯಾರೇಜಿನಲ್ಲಿ ನಿಲ್ಲಿಸಿಡಿ.