ಹಿಸೆಯಾದ ಮನೆಯಂಥ ಆಪ್‌ಗಳು

ಮೇ ತಿಂಗಳ ಬಿಸಿಲು. ಅಂಗಳದ ಚಾಪೆ ತುಂಬ ಹಲಸಿನ ಹಪ್ಪಳ. ಅತ್ತೆ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದರು. ಒಳ್ಳೇ ರೀಲ್ ಆಗುತ್ತದೆ ಅಂತ ಫೋನ್ ಎತ್ತಿದೆ. ಹತ್ತು ಸೆಕೆಂಡ್ ಆಗಿತ್ತೋ ಇಲ್ಲವೋ, ಜಾಗ ಇಲ್ಲ ಅಂತ ಫೋನ್ ಸುಮ್ಮನಾಯಿತು. ನನ್ನದು 64 ಜಿಬಿ ಫೋನು. ತುಂಬಿಕೊಂಡದ್ದು ಬಹುಪಾಲು ನನ್ನದೇ ಹಳೇ ವಿಡಿಯೋ, ಸುಳ್ಳು ಯಾಕೆ ಹೇಳಲಿ. ಆದರೆ ಅಳಿಸಲಿಕ್ಕೆ ಅಂತ ಜಗಲಿಯಲ್ಲಿ ಕೂತಾಗ ಬೇರೆ ಒಂದು ಲೆಕ್ಕ ಸಿಕ್ಕಿತು. ಫೇಸ್‌ಬುಕ್, ಮೆಸೆಂಜರ್, ಇನ್‌ಸ್ಟಾಗ್ರಾಂ, ಥ್ರೆಡ್ಸ್, ಎಡಿಟ್ಸ್, ಅಂಗಡಿ ಪುಟ ನೋಡಿಕೊಳ್ಳುವ ಬಿಸಿನೆಸ್ ಸೂಟ್, ವಾಟ್ಸಾಪ್, ವಾಟ್ಸಾಪ್ ಬಿಸಿನೆಸ್. ಎಂಟು. ಎಲ್ಲದರ ಯಜಮಾನ ಒಬ್ಬನೇ, ಮೆಟಾ ಕಂಪನಿ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಹಾಳೆಯಂಥ ಸಿಹಿ ತೊಡದೇವು ಮಾಡಿ ಮಾರುತ್ತೇನೆ. ನನ್ನ ಅಂಗಡಿ ಇರುವುದು ಫೋನಿನೊಳಗೆ. ಹಾಗಾಗಿ ಈ ಆಪ್‌ಗಳ ಬಗ್ಗೆ ಮಾತಾಡುವ ಹಕ್ಕು ನನಗೂ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ನಮ್ಮ ಕಡೆ ಮನೆ ಹಿಸೆ ಆಗುವುದು ಗೊತ್ತಲ್ಲ. ನಾಲ್ಕು ಅಣ್ಣತಮ್ಮಂದಿರು, ನಾಲ್ಕು ಒಲೆ, ನಾಲ್ಕು ಬಾಗಿಲು. ಬಾವಿ ಮಾತ್ರ ಒಂದೇ. ಅವರಿಗೆ ಅದು ಅನುಕೂಲ ಇರಬಹುದು. ಕಷ್ಟ ಬರುವುದು ನೆಂಟರಿಗೆ. ಒಂದು ಬಾಗಿಲಲ್ಲಿ ಕಾಫಿ ಕುಡಿದು, ಇನ್ನೊಂದರಲ್ಲಿ ಕುಡಿಯದಿದ್ದರೆ ಆಗಲ್ಲ. ಈ ಎಂಟು ಆಪ್‌ಗಳಿಗೆ ನಾನು ಹಾಗೆ ಬಂದ ನೆಂಟಳು.

ದೊಡ್ಡ ಹಿಸೆ ಆದದ್ದು 2014ರಲ್ಲಿ. ಅಲ್ಲಿಯವರೆಗೆ ಫೋನಿನ ಫೇಸ್‌ಬುಕ್ ಒಳಗೇ ಮೆಸೇಜ್ ಮಾಡಬಹುದಿತ್ತು. ಆ ವರ್ಷ ಅದನ್ನು ತೆಗೆದು, ಮಾತಾಡಬೇಕಾದರೆ ಮೆಸೆಂಜರ್ ಹಾಕಿಕೊಳ್ಳಿ ಅಂದರು. ಜನ ಬೈದರು. ಹೊಸ ಆಪ್ ಹಾಕಿಕೊಳ್ಳಿ ಅಂತ ಎಲ್ಲರಿಗೂ ಹೇಳುವುದು ದೊಡ್ಡ ವಿಷಯವೇ ಅಂತ ಫೇಸ್‌ಬುಕ್ ಕಟ್ಟಿದ ಮಾರ್ಕ್ ಜುಕರ್‌ಬರ್ಗ್ ಕೂಡ ಅದೇ ನವೆಂಬರ್‌ನಲ್ಲಿ ಒಪ್ಪಿದರು. ಬೇರೆ ಆಪ್ ಆದರೆ ಮೆಸೇಜ್ ಬೇಗ ತೆರೆಯುತ್ತದೆ ಅನ್ನುವುದು ಅವರ ವಾದ. ಇರಲಿ, ಅದೂ ಒಂದು ಕಾರಣವೇ. ಆದರೆ 2023ರಲ್ಲಿ ಅದೇ ಕಂಪನಿ ಮೆಸೇಜನ್ನು ಮತ್ತೆ ಫೇಸ್‌ಬುಕ್ ಒಳಗೆ ತರುವ ಪರೀಕ್ಷೆ ನಡೆಸುತ್ತಿದ್ದೇವೆ ಅಂತು. ಒಂಬತ್ತು ವರ್ಷ ನಾವು ಎರಡು ಬಾಗಿಲು ಓಡಾಡಿದ್ದು ಯಾವ ಲೆಕ್ಕಕ್ಕೆ?

ಇನ್‌ಸ್ಟಾಗ್ರಾಂ ಮನೆಯ ಕಥೆ ಇನ್ನೂ ತಮಾಷೆ. ಜೂನ್ 2018ರಲ್ಲಿ ಐಜಿಟಿವಿ ಅಂತ ಬೇರೆ ಆಪ್ ಬಿಟ್ಟರು, ಗಂಟೆಯವರೆಗಿನ ಉದ್ದ ವಿಡಿಯೋಗೆ. ನಾನೂ ಹಾಕಿಕೊಂಡಿದ್ದೆ. ಯಾರೋ ಗಡಿಗೆ ಬೆನ್ನ ಮೇಲೆ ತೊಡದೇವು ಎರೆಯುವುದನ್ನು ನೋಡಿದೆ, ಮತ್ತೆ ತೆರೆದ ನೆನಪೇ ಇಲ್ಲ. ಅದೇ ವಿಡಿಯೋ ಇನ್‌ಸ್ಟಾಗ್ರಾಂ ಒಳಗೂ ಕಾಣುತ್ತಿದ್ದರೆ ಇನ್ನೊಂದು ಬಾಗಿಲು ಯಾಕೆ ತಟ್ಟಲಿ? ಆಗಲೇ ಇನ್‌ಸ್ಟಾಗ್ರಾಂನಲ್ಲಿ ನೂರು ಕೋಟಿ ಜನ ಇದ್ದರು. ಅಷ್ಟು ಜನ ಪಕ್ಕದಲ್ಲೇ ಇದ್ದರೂ ಆ ಆಪ್ ನಿಲ್ಲಲಿಲ್ಲ, ಮಾರ್ಚ್ 2022ಕ್ಕೆ ಮುಚ್ಚಿತು. ಅದೇ ತಿಂಗಳು ವಿಡಿಯೋ ವೇಗವಾಗಿ ಓಡಿಸುವ ಹೈಪರ್‌ಲ್ಯಾಪ್ಸ್, ಚಿಕ್ಕ ವಿಡಿಯೋ ಹಿಂದೆಮುಂದೆ ಆಡಿಸುವ ಬೂಮರಾಂಗ್, ಈ ಎರಡು ಆಪ್‌ಗಳನ್ನೂ ತೆಗೆದರು. ಬೂಮರಾಂಗ್ ಆಟ ಈಗಲೂ ಇದೆ, ಇನ್‌ಸ್ಟಾಗ್ರಾಂ ಒಳಗೆ. ಮೊದಲೇ ಅಲ್ಲೇ ಇಟ್ಟಿದ್ದರೆ ಆಗುತ್ತಿತ್ತಲ್ವಾ?

ಥ್ರೆಡ್ಸ್ ಅಂದರೆ ಸಣ್ಣ ಸಣ್ಣ ಬರಹ ಹಾಕುವ ಆಪ್. ಅದಕ್ಕೆ ಹೆಸರಿನಲ್ಲೂ ಹೊಸತನ ಇಲ್ಲ. 2019ರಲ್ಲಿ ಇದೇ ಹೆಸರಿನ ಇನ್ನೊಂದು ಆಪ್ ಮಾಡಿ, 2021ರ ಕೊನೆಗೆ ಮುಚ್ಚಿದ್ದರು. ಈಗಿನದು ಜುಲೈ 2023ರದ್ದು. ಐದೇ ದಿನದಲ್ಲಿ 10 ಕೋಟಿ ಜನ ಸೇರಿದರು. ಸೇರುವುದು ಸುಲಭ, ಇನ್‌ಸ್ಟಾಗ್ರಾಂ ಖಾತೆಯಲ್ಲೇ ಒಳಗೆ ಬಿಡುತ್ತಾರೆ. ಹೊರಗೆ ಬರುವುದು? ಶುರುವಿನಲ್ಲಿ ಥ್ರೆಡ್ಸ್ ಖಾತೆ ಅಳಿಸಬೇಕಾದರೆ ಇನ್‌ಸ್ಟಾಗ್ರಾಂ ಖಾತೆಯನ್ನೇ ಅಳಿಸಬೇಕಿತ್ತು. ನಿನ್ನ ಪಾಲಿನ ಕೋಣೆ ಬೇಡವಾದರೆ ಮೂಲಮನೆ ಕೆಡವು ಅಂದ ಹಾಗೆ. ನವೆಂಬರ್‌ನಲ್ಲಿ ಅದನ್ನು ಸರಿ ಮಾಡಿದರು. ಈಗಲೂ ಇನ್‌ಸ್ಟಾಗ್ರಾಂನಲ್ಲಿ ಬೆರಳು ಸರಿಸುತ್ತಾ ಹೋದರೆ ಮಧ್ಯೆ ಥ್ರೆಡ್ಸ್ ತುಣುಕು ಇಣುಕುತ್ತವೆ. ಬೇಲಿ ಆಚೆಯಿಂದ ಕರೆಯುವ ದಾಯಾದಿಗಳ ಹಾಗೆ. ಹಪ್ಪಳ ಮಾರುವವಳಿಗೆ ಅಲ್ಲಿ ಕೆಲಸ ಇಲ್ಲ. ತೆಗೆದೆ.

ಎಡಿಟ್ಸ್ ಬಗ್ಗೆ ಮಾತ್ರ ಪೂರ್ತಿ ಬೈಯಲಾರೆ. ಏಪ್ರಿಲ್ 2025ರಲ್ಲಿ ಬಂದದ್ದು, ವಿಡಿಯೋ ಕತ್ತರಿಸಿ ಜೋಡಿಸಲಿಕ್ಕೆ. ದುಡ್ಡು ಕೊಡಬೇಕಿಲ್ಲ. ಅದರಿಂದ ಹೊರತೆಗೆದ ವಿಡಿಯೋ ಮೇಲೆ ಆಪ್‌ನ ಮುದ್ರೆಯೂ ಬೀಳುವುದಿಲ್ಲ. ಎಣ್ಣೆಯಲ್ಲಿ ಹಪ್ಪಳ ಅರಳುವ ಆ ಒಂದು ಕ್ಷಣ ಇದೆ ನೋಡಿ, ಅದನ್ನು ಕೂದಲೆಳೆಯಷ್ಟು ಸರಿಯಾಗಿ ಕತ್ತರಿಸಲಿಕ್ಕೆ ಇದರಲ್ಲಿ ಆಗುತ್ತದೆ. ಉಪ್ಪಿನಕಾಯಿ ಕೆಲಸಕ್ಕೆ ಬೇರೆ ಚೂರಿ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಉಳಿಸಿಕೊಂಡೆ. ಐಜಿಟಿವಿ ಗತಿ ಬರದಿದ್ದರೆ ಸಾಕು.

ಎಂಟರಲ್ಲಿ ನನಗೆ ಅನ್ನ ಕೊಡುವುದು ವಾಟ್ಸಾಪ್ ಬಿಸಿನೆಸ್. 2018ರಲ್ಲಿ ಬಂತು. ಕ್ಯಾಟಲಾಗ್‌ನಲ್ಲಿ ಫೋಟೋ, ದರ ಹಾಕಿಟ್ಟಿದ್ದೇನೆ. ದರ ಎಷ್ಟು ಅಂತ ಕೇಳಿದರೆ ಒಂದು ಓರೆಗೆರೆ (/) ಒತ್ತಿ ಸಿದ್ಧ ಉತ್ತರ ಕಳಿಸುತ್ತೇನೆ. ದುಡ್ಡು ಬಂದವರಿಗೆ ಒಂದು ಲೇಬಲ್, ಬಾಕಿ ಇದ್ದವರಿಗೆ ಒಂದು. ಬಾಕಿಯವರೇ ಜಾಸ್ತಿ, ಅದು ಬೇರೆ ಮಾತು. ಮನೆ ನಂಬರ್ ಒಂದರಲ್ಲಿ, ಅಂಗಡಿ ನಂಬರ್ ಇನ್ನೊಂದರಲ್ಲಿ ಇರುವುದರಿಂದ ಎರಡು ಆಪ್ ಬೇಕೇ ಬೇಕು ಅಂದುಕೊಂಡಿದ್ದೆ. ಆಮೇಲೆ ಆಂಡ್ರಾಯ್ಡ್‌ನ ಒಂದೇ ವಾಟ್ಸಾಪ್‌ನಲ್ಲಿ ಎರಡು ಖಾತೆ ಇಡಬಹುದು ಅಂತ ಅಕ್ಟೋಬರ್ 2023ರಲ್ಲಿ ಅವರೇ ಹೇಳಿದರು. ಹಾಗಾದರೆ ಕ್ಯಾಟಲಾಗನ್ನೂ ಅಲ್ಲೇ ಕೊಡಬಹುದಿತ್ತು. ಆದರೂ ಇದನ್ನು ತೆಗೆಯಲ್ಲ. ನೆಂಟರ ಶುಭೋದಯದ ನಡುವೆ ಗಿರಾಕಿ ಕಳೆದುಹೋಗಬಾರದು. ಎಡಿಟ್ಸ್ ಬಿಟ್ಟರೆ ಬೇರೆ ಇದ್ದದ್ದಕ್ಕೆ ಅರ್ಥ ಇರುವ ಹಿಸೆ ಇದೊಂದೇ.

ಈ ಮನೆತನಕ್ಕೆ ಸೇರದ ಇನ್ನೊಂದು ಸಣ್ಣ ಜಾಲತಾಣ ಇದೆ, ಹೆಸರು ಬೇಡ. ಅಡುಗೆ ಮಾಡುವವರು ಸೇರುವ ಜಾಗ. ಅವರಿಗೂ ದೊಡ್ಡವರ ಚಟ ಹತ್ತಿತು. ಮೆಸೇಜಿಗೆ ಬೇರೆ ಆಪ್ ಮಾಡಿದರು. ನಾನು ಹಾಕಿಕೊಳ್ಳಲಿಲ್ಲ. ಮೈಸೂರಿನ ಒಬ್ಬರು ಮಗನ ಮುಂಜಿಗೆ ಮುನ್ನೂರು ಹಪ್ಪಳ ಬೇಕು ಅಂತ ಅಲ್ಲಿ ಬರೆದಿದ್ದರು. ನಾನು ನೋಡುವ ಹೊತ್ತಿಗೆ ಹತ್ತೊಂಬತ್ತು ದಿನ. ಮುಂಜಿ ಮುಗಿದು ವಟು ಶಾಲೆಗೂ ಹೋಗಿದ್ದ. ಕ್ಷಮಿಸಿ ಅಂತ ಬರೆದೆ. ಕೈ ಮುಗಿದ ಚಿತ್ರ ಒಂದು ಬಂತು, ಅಷ್ಟೆ. ಮುನ್ನೂರು ಹಪ್ಪಳ ಅಂದರೆ ನಮಗೆ ಎರಡು ದಿನದ ಕೆಲಸ.

ಬೆಂಗಳೂರಿನ ಮಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಆಯಿ, ದೊಡ್ಡ ಫೋನ್ ತಗೊ" ಅಂದ. ಸಮಸ್ಯೆ ಅದಲ್ಲ ಮಾರಾಯ ಅಂದೆ. ಅವನಿಗೆ ಮೀಟಿಂಗ್ ಇತ್ತು.

ಸಂಜೆಯೊಳಗೆ ಥ್ರೆಡ್ಸ್ ಜೊತೆಗೆ ಮೆಸೆಂಜರ್, ಬಿಸಿನೆಸ್ ಸೂಟ್ ಹೋದವು. ಫೇಸ್‌ಬುಕ್ಕನ್ನೂ ತೆಗೆದೆ. ಬೇಕಾದಾಗ ಬ್ರೌಸರ್‌ನಲ್ಲಿ ನೋಡಿದರೆ ಆಯಿತು. ಹಳೇ ವಿಡಿಯೋ ಮಗನ ಲ್ಯಾಪ್‌ಟಾಪಿಗೆ ಅಂತ ಪೆನ್‌ಡ್ರೈವ್‌ಗೆ ಹಾಕಿದೆ. ಫೋನ್ ಹಗುರಾಯಿತು. ಖುಷಿಯಲ್ಲಿ ಅಂಗಳಕ್ಕೆ ಓಡಿ, "ಅತ್ತೆ, ಇನ್ನೊಂದು ಸಲ ಕೋಲು ಎತ್ತಿ" ಅಂದೆ.

ಅವರು ಹಪ್ಪಳ ಜೋಡಿಸಿ ಡಬ್ಬಕ್ಕೆ ತುಂಬುತ್ತಿದ್ದರು. "ಕಾಗೆ ಎಲ್ಲಿದೆಯೇ ಈಗ?" ಅಂದರು.