ನಾಣ್ಯವೇ ಅಂಡಾಕಾರವಾಗಿದ್ದ ಕಿಟ್: ವಿರೂಪಗೊಂಡ ಪಳೆಯುಳಿಕೆಗಳ ರೆಸಿನ್ ಅಚ್ಚು

ಪಳೆಯುಳಿಕೆಗಳ ಆಕಾರ ನೋಡಿ ಶಿಲೆ ಎಷ್ಟು ವಿರೂಪಗೊಂಡಿದೆಯೆಂದು ಅಳೆಯುವುದನ್ನು ಕಲಿಸಲು, ಪದವಿ ತರಗತಿಯ ಭೂವಿಜ್ಞಾನ ಪ್ರಯೋಗಾಲಯಕ್ಕೆಂದು ಆನ್‌ಲೈನ್ ಮಳಿಗೆಯೊಂದರಿಂದ ತರಿಸಿದ ಈ ಕಿಟ್‌ನಲ್ಲಿ ಶಾಲಾ ಪಾಟಿಯಷ್ಟು ಅಗಲದ ಒಂದು ರೆಸಿನ್ ಅಚ್ಚು, ಅದರದೇ ಛಾಯಾಚಿತ್ರದ ಹಾಳೆ ಮತ್ತು ಉತ್ತರಗಳಿರುವ ಕೈಪಿಡಿ ಇವೆ. ಮೂಲಶಿಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ, ಡೆವೋನಿಯನ್ ಎಂಬ ಪ್ರಾಚೀನ ಭೂಯುಗದ ಸ್ಲೇಟು. ಅದರಲ್ಲಿರುವ ಸ್ಪಿರಿಫರ್ ಜಾತಿಯ ಬ್ರೇಕಿಯೊಪಾಡ್ (ಎರಡು ಚಿಪ್ಪಿನ ಕಡಲಜೀವಿ) ಚಿಪ್ಪುಗಳು ರೆಕ್ಕೆ ಹರಡಿದಂತೆ ಕಾಣುವುದರಿಂದ ಅವುಗಳಿಗೆ ಅಲ್ಲಿನ ಊರಿನ ಹೆಸರಿನಲ್ಲಿ 'ಡೆಲಬೋಲ್ ಚಿಟ್ಟೆ' ಎಂಬ ಹೆಸರು ಬಂದಿದೆ. ಕರ್ನಾಟಕದ ಶಿಲೆಗಳಲ್ಲಿ ಬಹುಪಾಲು ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಹಿಂದಿನವಾದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇಂತಹ ಅಚ್ಚುಗಳೇ ಗತಿ. ಚಿತ್ರದುರ್ಗ ಸೀಮೆಯ ತಾಳ್ಯ ಕಾಂಗ್ಲಾಮರೇಟಿನ (ಉರುಟುಗಲ್ಲುಗಳು ಬೆಸೆದುಕೊಂಡು ಆದ ಶಿಲೆ) ಚಪ್ಪಟೆಯಾದ ಉರುಟುಗಲ್ಲುಗಳನ್ನು ತೋರಿಸಬಹುದಾದರೂ, ಅವು ಮೊದಲು ಎಷ್ಟು ಗುಂಡಗಿದ್ದವೆಂದು ಹೇಳುವವರಿಲ್ಲ. ಚಿಪ್ಪಿನ ವಿಷಯ ಹಾಗಲ್ಲ: ಅದರ ಕೀಲುರೇಖೆಯೂ (ಎರಡು ಚಿಪ್ಪುಗಳು ಕೂಡುವ ಅಂಚು) ಮಧ್ಯರೇಖೆಯೂ ಜೀವಂತವಿದ್ದಾಗ ಲಂಬಕೋನದಲ್ಲಿಯೇ ಇದ್ದವು.

ಅಚ್ಚಿನ ಗುಣಮಟ್ಟ ಉತ್ತಮವಾಗಿದೆ. ಏಳು ಚಿಪ್ಪುಗಳ ಏಣುಗಳೂ ಬೆರಳಿಗೆ ಸಿಗುತ್ತವೆ; ಒಂದು ಚಿಪ್ಪು ಉದ್ದಕ್ಕೆ ಎಳೆದಂತಿದ್ದರೆ, ಪಕ್ಕದ್ದು ಅಡ್ಡಕ್ಕೆ ಜಗ್ಗಿದಂತಿದೆ, ಇನ್ನೊಂದು ಓರೆಯಾಗಿದೆ. ನ್ಯೂಜಿಲೆಂಡಿನ ಭೂವಿಜ್ಞಾನಿ ವೆಲ್ಮನ್ 1962ರಲ್ಲಿ ಸೂಚಿಸಿದ ವಿಧಾನಕ್ಕೆ ಇಷ್ಟು ಸಾಕು. ಕಾಗದದ ಮೇಲೆ ಎರಡು ಬಿಂದುಗಳನ್ನು ಗುರುತಿಸಿ, ಪ್ರತಿ ಚಿಪ್ಪಿನ ಎರಡು ರೇಖೆಗಳಿಗೂ ಸಮಾಂತರವಾದ ಗೆರೆಗಳನ್ನು ಆ ಬಿಂದುಗಳ ಮೂಲಕ ಎಳೆದರೆ, ಅವು ಸಂಧಿಸುವ ಮೂಲೆಗಳು ವಿರೂಪಗೊಳ್ಳದ ಶಿಲೆಯಲ್ಲಿ ವೃತ್ತದ ಮೇಲೆ, ವಿರೂಪಗೊಂಡದ್ದರಲ್ಲಿ ದೀರ್ಘವೃತ್ತದ ಮೇಲೆ ಬೀಳುತ್ತವೆ. ಕೋನಗಳಷ್ಟೇ ಬೇಕಾಗಿರುವುದರಿಂದ ಅಚ್ಚಿನಲ್ಲಿ ಅಳತೆಪಟ್ಟಿ ಇಲ್ಲದಿರುವುದು ಕೊರತೆಯಲ್ಲ. ಅಚ್ಚಿನಿಂದ ನಮಗೆ ದೊರೆತ ದೀರ್ಘವೃತ್ತದ ಅಕ್ಷಗಳ ಅನುಪಾತ ಸುಮಾರು 1.6.

ಕೈಪಿಡಿಯ ಉತ್ತರ ಮಾತ್ರ 1.75. ಮೂರು ಸಲ ಗೆರೆ ಎಳೆದು ನೋಡಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಛಾಯಾಚಿತ್ರದಲ್ಲಿ ಅಳತೆಗೆಂದು ಇಟ್ಟಿದ್ದ ನಾಣ್ಯಕ್ಕೆ ಅಳತೆಗೋಲು ಹಿಡಿದಳು: ಎತ್ತರ 24 ಮಿ.ಮೀ., ಅಗಲ 22 ಮಿ.ಮೀ. ಪುಟಕ್ಕೆ ಹೊಂದಿಸಲು ಚಿತ್ರವನ್ನು ಅಡ್ಡಲಾಗಿ ಒತ್ತಿದ್ದಾರೆ. ದೀರ್ಘಾಕ್ಷ ಬಹುತೇಕ ನೆಟ್ಟಗಿರುವುದರಿಂದ ಆ 1.09 ಪಟ್ಟಿನ ವಿರೂಪ ಕೈಪಿಡಿಯ ಉತ್ತರದಲ್ಲಿ ಶಿಲೆಯ ಲೆಕ್ಕಕ್ಕೆ ಸೇರಿಕೊಂಡಿದೆ. ಕೋಟ್ಯಂತರ ವರ್ಷಗಳ ಪರ್ವತಜನನಕ್ಕೆ ಮುದ್ರಕರೂ ತಮ್ಮ ಕೈಲಾದಷ್ಟು ನೆರವಾಗಿದ್ದಾರೆ. ಮಾರಾಟಗಾರರಿಗೆ ಬರೆದರೆ, ಮುದ್ರಣದಲ್ಲಿ ಇಷ್ಟು ವ್ಯತ್ಯಾಸ ಸಹಜ ಎಂಬ ಉತ್ತರ ಬಂತು. ಗಾತ್ರದ ವ್ಯತ್ಯಾಸಕ್ಕೆ ಆ ಮಾತು ಸಲ್ಲುತ್ತದೆ, ಆಕಾರದ್ದಕ್ಕೆ ಸಲ್ಲದು.

ಈ ಅಳತೆ ಪದರದ ಸಮತಲದೊಳಗಿನ ವಿರೂಪವನ್ನಷ್ಟೇ ಹೇಳುತ್ತದೆ, ಅದೂ ಅನುಪಾತವನ್ನು ಮಾತ್ರ, ಎಂಬುದನ್ನು ಕೈಪಿಡಿ ಎಲ್ಲಿಯೂ ತಿಳಿಸಿಲ್ಲವಾದ್ದರಿಂದ ಅಧ್ಯಾಪಕರು ಅದನ್ನು ಹೇಳಿಕೊಡಬೇಕಾಗುತ್ತದೆ. ಅಚ್ಚು ಬಿಡಿಯಾಗಿ ದೊರೆಯುವುದಾದರೆ ಅದನ್ನಷ್ಟೇ ಕೊಳ್ಳಿರಿ.