ಕುದುರೆಗೂ ಹುಲ್ಲಿಗೂ ಬಿಡುವು ಕೊಡುವ ಸವಾರಿ: ಮಂಗೋಲಿಯಾದ ಪಶುಪಾಲಕರ ಮನೆಯಲ್ಲಿ ಆರು ದಿನ

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರಿನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ಹುಸ್ತಾಯ್ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಅದರ ಅಂಚಿನ ಹುಲ್ಲುಗಾವಲಿನಲ್ಲಿ ಬೇಸಿಗೆಯ ಬೀಡು ಬಿಡುವ ಒಂದು ಪಶುಪಾಲಕ ಕುಟುಂಬವು ನಗರದ ಒಂದು ಪ್ರವಾಸ ಸಂಸ್ಥೆಯ ಮೂಲಕ ಅತಿಥಿಗಳನ್ನು ಸ್ವೀಕರಿಸುತ್ತದೆ. ಮನೆಯವರೊಡನೆ ವಾಸ, ಊಟ, ದಿನಕ್ಕೆ ನಾಲ್ಕೈದು ಗಂಟೆಯ ಕುದುರೆ ಸವಾರಿ, ಜೊತೆಗೊಬ್ಬ ದುಭಾಷಿ, ಇಷ್ಟು ಸೇವೆ. ಜುಲೈ ಕೊನೆಯ ವಾರದಲ್ಲಿ ನಾನು ಮತ್ತು ನನ್ನ ತಂಗಿ ಅಲ್ಲಿ ಆರು ದಿನ ಇದ್ದೆವು. ಆ ಮನೆಯವರ ಕೋರಿಕೆಯಂತೆ ಅವರ ಹೆಸರನ್ನಾಗಲಿ ಬೀಡಿನ ಜಾಗವನ್ನಾಗಲಿ ಇಲ್ಲಿ ಬರೆದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರವಾಸ ಸಂಸ್ಥೆಯ ಕೆಲಸ ಸಾಧಾರಣ, ಆ ಮನೆಯವರ ಕೆಲಸ ಉತ್ಕೃಷ್ಟ. ನಾವು ಹಣ ಕೊಟ್ಟು ಬಯಸಿದ್ದ ಹಲವನ್ನು ಅವರು ನಯವಾಗಿ ನಿರಾಕರಿಸಿದರು. ಆ ನಿರಾಕರಣೆಗಳಲ್ಲಿಯೇ ಅವರ ತಿಳಿವಳಿಕೆಯ ಬಹುಪಾಲು ನಮಗೆ ದೊರೆಯಿತು.

ಬೆಳಿಗ್ಗೆ ಎಂಟಕ್ಕೆ ಸವಾರಿ ಆರಂಭ ಎಂದು ಸಂಸ್ಥೆಯ ಕರಪತ್ರದಲ್ಲಿತ್ತು. ಮೊದಲ ದಿನ ಎಂಟಕ್ಕೆ ಸಿದ್ಧರಾಗಿ ಹೊರಗೆ ಬಂದಾಗ ಎರಡು ಕಂಬಗಳ ನಡುವೆ ಎಳೆದ ಹಗ್ಗಕ್ಕೆ ಒಂದೇ ಕುದುರೆ ಕಟ್ಟಿತ್ತು. ಉಳಿದವು ರಾತ್ರಿಯೆಲ್ಲ ಮೇಯುತ್ತಾ ಗುಡ್ಡದಾಚೆಗೆ ಹೋಗಿದ್ದವು. ಮನೆಯ ಮಗ ಆ ಒಂದು ಕುದುರೆಯನ್ನೇರಿ, ತುದಿಯಲ್ಲಿ ಹಗ್ಗದ ಕುಣಿಕೆಯಿರುವ ಉದ್ದನೆಯ ಕೋಲನ್ನು ಹಿಡಿದು ಹೊರಟವನು ಹಿಂಡಿನೊಡನೆ ಮರಳಿದ್ದು ಹತ್ತು ಗಂಟೆಗೆ. 'ಊರ್ಗಾ' ಎಂಬ ಆ ಕೋಲಿನ ಕುಣಿಕೆಯನ್ನು ಓಡುವ ಕುದುರೆಯ ಕೊರಳಿಗೆ ಹಾಕುವುದನ್ನು ನೋಡಲು ಎರಡು ಗಂಟೆ ಕಾದದ್ದು ನಮಗೆ ನಷ್ಟವೆನಿಸಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಕುದುರೆ ಸಜ್ಜಾಗಿರಬೇಕು ಎನ್ನುವವರಿಗೆ ಈ ಸೇವೆ ಹೊಂದುವುದಿಲ್ಲ. ಇಲ್ಲಿ ಲಾಯವಿಲ್ಲ, ಹುರುಳಿಯ ಚೀಲವಿಲ್ಲ. ಭುಜದ ಬಳಿ 120ರಿಂದ 140 ಸೆಂಟಿಮೀಟರ್ ಎತ್ತರವಿರುವ ಈ ಗಿಡ್ಡ, ಗಟ್ಟಿ ಕುದುರೆಗಳು ವರ್ಷವಿಡೀ ಬಯಲಿನಲ್ಲಿಯೇ ಇದ್ದು, ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿಯುವ ಚಳಿಯಲ್ಲಿ ಗೊರಸಿನಿಂದ ಹಿಮವನ್ನು ಕೆರೆದು ಒಣಹುಲ್ಲನ್ನು ಹುಡುಕಿಕೊಳ್ಳುತ್ತವೆ. ಹಾಗೆ ಅವು ಒಡೆದ ಹಿಮದ ಜಾಡಿನಲ್ಲಿ ಕುರಿಗಳೂ ಮೇಯುತ್ತವೆ.

ಸವಾರಿಯ ಪಾಠವನ್ನು ಮನೆಯ ಯಜಮಾನರೇ ಹೇಳಿಕೊಟ್ಟರು. ಯಾವಾಗಲೂ ಎಡಗಡೆಯಿಂದಲೇ ಹತ್ತಿರ ಹೋಗಬೇಕು, ಎಡಗಡೆಯಿಂದಲೇ ಹತ್ತಬೇಕು, ಸದ್ದು ಮಾಡುವ ಪ್ಲಾಸ್ಟಿಕ್ ಅಂಗಿಯನ್ನು ಕುದುರೆಯ ಮೇಲೆ ಕೂತು ಬಿಚ್ಚಬಾರದು, ಮುಂದೆ ನಡೆಸಲು 'ಚು' ಎನ್ನಬೇಕು. ಮರದ ತಡಿ ಎತ್ತರವಾಗಿತ್ತು, ರಿಕಾಪು ಗಿಡ್ಡವಾಗಿತ್ತು. ಕುಕ್ಕುಲೋಟದಲ್ಲಿ ಅವರು ರಿಕಾಪಿನ ಮೇಲೆ ನಿಂತೇ ಸವಾರಿ ಮಾಡುತ್ತಾರೆ, ಅಭ್ಯಾಸವಿಲ್ಲದವರ ಮೊಣಕಾಲು ಎರಡನೆಯ ದಿನವೇ ಸೋಲುತ್ತದೆ. ಕುದುರೆಯ ಹೆಸರೇನೆಂದು ತಂಗಿ ಕೇಳಿದಾಗ ದುಭಾಷಿ ನಕ್ಕಳು. ಅಲ್ಲಿ ಸಾಮಾನ್ಯವಾಗಿ ಕುದುರೆಗೆ ಹೆಸರಿಡುವುದಿಲ್ಲ, ಬಣ್ಣದಿಂದ ಗುರುತಿಸುತ್ತಾರೆ. ನಾವು 'ಕಂದು' ಎಂಬ ಒಂದೇ ಮಾತಿನಲ್ಲಿ ಮುಗಿಸುವಲ್ಲಿ ಅವರಿಗೆ ಮೈಬಣ್ಣ, ಬಾಲದ ಬಣ್ಣ, ಬೆನ್ನ ಮೇಲಿನ ಗೆರೆ ಎಲ್ಲವನ್ನೂ ಸೇರಿಸಿ ಹೇಳುವ ಬೇರೆ ಬೇರೆ ಪದಗಳಿವೆ. ಇಂಥ ಪದಗಳು ನೂರಾರು ಇವೆಯೆಂದೂ, ಬೆಟ್ಟದಾಚೆ ತಪ್ಪಿಸಿಕೊಂಡ ಕುದುರೆಯನ್ನು ಅಪರಿಚಿತರಿಗೆ ಎರಡು ಮಾತಿನಲ್ಲಿ ವಿವರಿಸಿದರೆ ಅವರು ಅದನ್ನು ಹಿಂಡಿನ ನಡುವೆಯೂ ಗುರುತಿಸುವರೆಂದೂ ಯಜಮಾನರು ಹೇಳಿದರು.

ಸವಾರಿ ಮುಗಿಸಿ ಬಂದಾಗ ನನ್ನ ಕುದುರೆ ಬೆವರಿನಿಂದ ತೊಯ್ದಿತ್ತು. ಬಾಯಾರಿರಬೇಕೆಂದು ನಾನು ಅದನ್ನು ನೀರಿನ ಕಡೆಗೆ ನಡೆಸಲು ಹೊರಟರೆ ಯಜಮಾನರು ಬಂದು ಲಗಾಮನ್ನು ನನ್ನ ಕೈಯಿಂದ ತೆಗೆದುಕೊಂಡರು. ಮರದ ಪಟ್ಟಿಯಿಂದ ಬೆವರನ್ನು ಬಳಿದು ತೆಗೆದು, ತಲೆ ಎತ್ತರದಲ್ಲಿರುವಂತೆ ಹಗ್ಗಕ್ಕೆ ಕಟ್ಟಿ, ಮೈ ಪೂರ್ತಿ ಆರುವವರೆಗೆ ನೀರನ್ನಾಗಲಿ ಹುಲ್ಲನ್ನಾಗಲಿ ಮುಟ್ಟಗೊಡಲಿಲ್ಲ. ಬಿಸಿ ಮೈಯ ಕುದುರೆಗೆ ಹೊಟ್ಟೆ ತುಂಬಿಸಿದರೆ ಆ ಉಪಕಾರದಿಂದಲೇ ಅದು ಕೆಡುತ್ತದೆ ಎಂಬುದು ಅವರ ವಿವರಣೆ.

ಮೂರನೆಯ ದಿನದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡು ದಿನದಲ್ಲಿ ನನಗೆ ಒಗ್ಗಿಹೋಗಿದ್ದ ಆ ಕುದುರೆಯನ್ನು ಅಂದು ಬೆಳಿಗ್ಗೆ ತರಲೇ ಇಲ್ಲ. ಬದಲಿಗೆ ಬೇರೊಂದಕ್ಕೆ ತಡಿ ಹಾಕಿದ್ದರು. ಮೊದಲಿನದೇ ಬೇಕೆಂದು ನಾನು ದುಭಾಷಿಯ ಮೂಲಕ ಕೇಳಿದೆ, ಹೆಚ್ಚಿನ ಹಣ ಕೊಡುವುದಾಗಿಯೂ ಹೇಳಿದೆ. ಯಜಮಾನರು ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ಒಂದು ಕುದುರೆಯನ್ನು ಕೆಲವು ದಿನ ಹತ್ತಿದ ಮೇಲೆ ಹಿಂಡಿಗೆ ಬಿಡುತ್ತಾರೆ. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತನ್ನ ಪಾಡಿಗೆ ಮೇಯುತ್ತದೆ. ಅಲ್ಲಿನ ಕುದುರೆಯ ಬದುಕು ನಿಂತಿರುವುದು ಶರತ್ಕಾಲ ಮುಗಿಯುವುದರೊಳಗೆ ಅದು ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ. ಬೇಸಿಗೆಯಲ್ಲಿ ಪ್ರತಿದಿನ ಅತಿಥಿಯನ್ನು ಹೊತ್ತ ಕುದುರೆ ಮಾರ್ಚ್ ತಿಂಗಳಿನಲ್ಲಿ, ಹುಲ್ಲು ಇನ್ನೂ ಚಿಗುರದ ಹೊತ್ತಿನಲ್ಲಿ ಬೀಳುತ್ತದೆ. ಆಗ ಅತಿಥಿ ಅದನ್ನು ನೋಡಲು ಅಲ್ಲಿರುವುದಿಲ್ಲ. ಈ ಮಾತನ್ನು ಕೇಳಿದ ಮೇಲೆ ನಾನು ಎರಡನೆಯ ಕುದುರೆಯನ್ನು ಹತ್ತಿದೆ. ನಾಲ್ಕನೆಯ ದಿನ ಮಧ್ಯಾಹ್ನದ ಸವಾರಿಯನ್ನೇ ಅವರು ರದ್ದು ಮಾಡಿದರು, ಏಕೆಂದರೆ ನಾವು ಹೋಗಬೇಕಿದ್ದ ಕಣಿವೆ ಮತ್ತೊಂದು ಕುಟುಂಬದ ಚಳಿಗಾಲದ ಬೀಡು. ಹಿಮ ಬಿದ್ದಾಗ ಬೇಕಾಗುವ ಅಲ್ಲಿನ ಹುಲ್ಲನ್ನು ಬೇಸಿಗೆಯಲ್ಲಿ ಯಾರೂ ತುಳಿಯುವುದಿಲ್ಲವಂತೆ. ಕಣಿವೆಗೆ ಬೇಲಿಯೂ ಇರಲಿಲ್ಲ, ಫಲಕವೂ ಇರಲಿಲ್ಲ. ಸಂಸ್ಥೆಯವರ ಕಾರ್ಯಕ್ರಮ ಪಟ್ಟಿಯಲ್ಲಿ ಮಾತ್ರ ಆ ಕಣಿವೆಯ ಹೆಸರು ದಪ್ಪಕ್ಷರದಲ್ಲಿತ್ತು.

ಆ ಮಧ್ಯಾಹ್ನ ನಾವು ಹಾಲು ಕರೆಯುವುದನ್ನು ನೋಡುತ್ತಾ ಕೂತೆವು. ಇಡೀ ಆರು ದಿನದಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ನೆಲಕ್ಕೆ ಬಿಗಿದ ಉದ್ದನೆಯ ಹಗ್ಗಕ್ಕೆ ಕುದುರೆಮರಿಗಳನ್ನು ಸಾಲಾಗಿ ಕಟ್ಟಿರುತ್ತಾರೆ, ತಾಯಿಗಳು ಸುತ್ತಮುತ್ತ ಮೇಯುತ್ತಿರುತ್ತವೆ. ಮರಿ ಮೊದಲು ಬಾಯಿಟ್ಟ ಮೇಲೆಯೇ ಹಾಲು ಇಳಿಯುತ್ತದೆ. ಆಮೇಲೆ ಮನೆಯೊಡತಿ ಒಂದು ಮಂಡಿಯೂರಿ, ತೊಡೆಯ ಮೇಲೆ ಪಾತ್ರೆಯಿಟ್ಟು ಕರೆಯುತ್ತಾರೆ. ಒಂದು ಸಲಕ್ಕೆ ಸಿಗುವುದು ಸ್ವಲ್ಪವೇ, ಆದ್ದರಿಂದ ಸುಮಾರು ಎರಡು ಗಂಟೆಗೊಮ್ಮೆ ಹಗಲೆಲ್ಲ ಕರೆಯುತ್ತಲೇ ಇರಬೇಕು. ಸಂಜೆ ಮರಿಗಳನ್ನು ಬಿಚ್ಚಿಬಿಟ್ಟರೆ ರಾತ್ರಿಯ ಹಾಲು ಪೂರ್ತಿ ಅವುಗಳಿಗೆ. ಕರೆದ ಹಾಲನ್ನು ಗೆರ್ ಎಂಬ ಅವರ ಉಣ್ಣೆಯ ಗುಂಡುಮನೆಯ ಬಾಗಿಲ ಪಕ್ಕ ತೂಗಿಬಿಟ್ಟ ಹಸುವಿನ ಚರ್ಮದ ಚೀಲಕ್ಕೆ, ಹಳೆಯ ಹುಳಿಯೊಂದಿಗೆ ಸೇರಿಸಿ, ಮರದ ಕಡೆಗೋಲಿನಿಂದ ಸಾವಿರಾರು ಬಾರಿ ಕಡೆಯುತ್ತಾರೆ. ಒಳಗೆ ಬರುವವರೂ ಹೊರಗೆ ಹೋಗುವವರೂ ಒಂದಷ್ಟು ಸಲ ಕಡೆದು ಹೋಗುವುದು ಪದ್ಧತಿ, ನಾವೂ ಕಡೆದೆವು. ಹೀಗೆ ಆಗುವ ಪಾನೀಯದ ಹೆಸರು ಐರಗ್. ಇದನ್ನು ಚರ್ಮದ ಚೀಲದಲ್ಲಿ ತಯಾರಿಸುವ ವಿಧಾನವನ್ನು ಯುನೆಸ್ಕೊ 2019ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ರುಚಿ ತೆಳುವಾದ ಹುಳಿ ಮಜ್ಜಿಗೆಯಂತೆ, ನಾಲಿಗೆಯ ಮೇಲೆ ಚುರುಗುಟ್ಟುವಂತೆ ಇರುತ್ತದೆ. ಅದರಲ್ಲಿ ಸುಮಾರು ಶೇಕಡಾ 2ರಷ್ಟು ಮದ್ಯಾಂಶವಿರುತ್ತದೆ ಎಂಬುದನ್ನು ಬೇಡವೆನ್ನುವವರು ತಿಳಿದಿರಲಿ. ಮೊದಲ ದಿನವೇ ಬಟ್ಟಲು ತುಂಬ ಕುಡಿದರೆ ಹೊಟ್ಟೆ ಸಡಿಲವಾಗುತ್ತದೆ. ಬಟ್ಟಲನ್ನು ಬಲಗೈಯಲ್ಲಿ ಪಡೆದು, ತುಟಿಗೆ ಸೋಕಿಸಿ ಹಿಂದಿರುಗಿಸಿದರೂ ಅವರಿಗೆ ಬೇಸರವಿಲ್ಲ.

ನೆಲದ ವಿಷಯದಲ್ಲಿ ಅವರ ನಿಯಮಗಳು ಇಷ್ಟೇ ಖಚಿತ. ಹೊಳೆಯಲ್ಲಿ ಬಟ್ಟೆ ಒಗೆಯುವಂತಿಲ್ಲ. ನೀರನ್ನು ಮೊಗೆದು ತಂದು ದೂರದಲ್ಲಿ ಬಳಸಬೇಕು. ಕಾರಣವಿಲ್ಲದೆ ನೆಲ ಅಗೆಯಬಾರದು. ಒಲೆಗೆ ಕಸ ಹಾಕಬಾರದು. ಆ ಒಲೆಯ ಉರುವಲು ಒಣಗಿದ ಸಗಣಿ. ನಮ್ಮ ಧಾರವಾಡ ಸೀಮೆಯಲ್ಲಿ ಕುಳ್ಳು ತಟ್ಟಿ ಒಣಗಿಸುತ್ತಾರೆ. ಅಲ್ಲಿ ತಟ್ಟುವ ಕೆಲಸವಿಲ್ಲ, ಬಯಲಿನಲ್ಲಿ ಬಿಸಿಲಿಗೆ ತಾನೇ ಒಣಗಿದ್ದನ್ನು ಬೆನ್ನಿನ ಬುಟ್ಟಿಗೆ ಆರಿಸಿಕೊಂಡು ಬರುತ್ತಾರೆ. ನನ್ನ ತಂಗಿ ಮಕ್ಕಳೊಡನೆ ಹೋಗಿ ಒಂದು ಬುಟ್ಟಿ ಆರಿಸಿ ತಂದಳು.

'ಭೂಮಿಯೊಡನೆ ಸಾಮರಸ್ಯದ ಬದುಕು' ಎಂದು ಸಂಸ್ಥೆಯವರು ಬರೆದುಕೊಂಡಿದ್ದಾರೆ. ಯಜಮಾನರು ಆ ಮಾತನ್ನು ಒಮ್ಮೆಯೂ ಆಡಲಿಲ್ಲ. ಕೇಳಿದಾಗ ಅವರು ಲೆಕ್ಕ ಹೇಳಿದರು. ಸಹಕಾರಿ ವ್ಯವಸ್ಥೆ ಮುರಿದು ಜಾನುವಾರು ಖಾಸಗಿ ಸ್ವತ್ತಾದ ಮೇಲೆ, ಮೇಕೆಯ ನವಿರಾದ ಕ್ಯಾಶ್ಮೀರ್ ಉಣ್ಣೆಗೆ ಬೆಲೆ ಬಂದು, ಎಲ್ಲರೂ ಮೇಕೆಗಳನ್ನು ಹೆಚ್ಚಿಸಿದರು. ಮೇಕೆ ಹುಲ್ಲನ್ನು ಬುಡದವರೆಗೆ ಕಚ್ಚುತ್ತದೆ. 1990ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 2.6 ಕೋಟಿ ಇದ್ದ ಜಾನುವಾರು 2019ರಲ್ಲಿ 7 ಕೋಟಿಯಾಗಿತ್ತು. 2009–10ರ 'ಜುದ್' ಎಂಬ ಘೋರ ಚಳಿಗಾಲದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಇವರ ಮನೆಯ ಕುರಿ ಮೇಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ಅಂದಿನಿಂದ ಅವರು ಮೇಕೆಗಳನ್ನು ಕಡಿಮೆ ಮಾಡಿದ್ದಾರೆ, ಆ ಆದಾಯದ ಜಾಗದಲ್ಲಿ ಅತಿಥಿಗಳನ್ನು ಕರೆಸಿಕೊಳ್ಳುತ್ತಿದ್ದಾರೆ. ನಾವು ಕೊಡುವ ಹಣಕ್ಕೆ ಇರುವ ಅರ್ಥ ಇದು. ಕರಪತ್ರದಲ್ಲಿ ಇದನ್ನು ಬರೆದಿದ್ದರೆ ಅದಕ್ಕೆ ಎಷ್ಟೋ ಗೌರವ ಬರುತ್ತಿತ್ತು.

ಇನ್ನು ಕೊರತೆಗಳು. ಇವೆಲ್ಲವೂ ಸಂಸ್ಥೆಗೆ ಸೇರಿದವು. ತಲೆಗೆ ಹೆಲ್ಮೆಟ್ ಕೊಡುವುದಾಗಿ ಹೇಳಿ ಕೊಡಲಿಲ್ಲ. ಬಿದ್ದರೆ ಆಸ್ಪತ್ರೆ ಗಂಟೆಗಟ್ಟಲೆ ದೂರವಿರುವ ಜಾಗದಲ್ಲಿ ಇದು ಕ್ಷಮಿಸುವ ತಪ್ಪಲ್ಲ. ಇಷ್ಟು ಚಿಕ್ಕ ಕುದುರೆಗಳ ಮೇಲೆ ಕೂರುವವರ ತೂಕವನ್ನು ಅವರು ಕೇಳಲೇ ಇಲ್ಲ. ಬಂದಿಳಿದ ಮೇಲೆ ಯಜಮಾನರೇ ನಮ್ಮನ್ನು ನೋಡಿ ಕುದುರೆ ಆರಿಸಿದರು. ಸಸ್ಯಾಹಾರಿಗಳೆಂದು ಮೊದಲೇ ಎರಡು ಸಲ ತಿಳಿಸಿದ್ದರೂ ನಮಗಾಗಿ ಒಂದು ಚೀಲ ಆಲೂಗೆಡ್ಡೆ, ಒಂದಿಷ್ಟು ನೂಡಲ್ಸ್ ಕಳಿಸಿ ಸುಮ್ಮನಾಗಿದ್ದರು. ಹುಲ್ಲು ಮಾತ್ರ ಬೆಳೆಯುವ ನೆಲದಲ್ಲಿ ಊಟವೆಂದರೆ ಮಾಂಸ ಮತ್ತು ಹಾಲು. ಅದೃಷ್ಟಕ್ಕೆ ಬೇಸಿಗೆ ಹಾಲಿನ ಕಾಲ. ಉಪ್ಪು ಹಾಕಿದ ಹಾಲಿನ ಚಹಾ, ದಪ್ಪ ಕೆನೆ, ಮೊಸರು, ಬಿಸಿಲಿನಲ್ಲಿ ಒಣಗಿಸಿದ ಗಟ್ಟಿ ಮೊಸರಿನ ತುಂಡುಗಳು, ಮನೆಯೊಡತಿ ತಟ್ಟಿ ಕರಿದ ಹಿಟ್ಟಿನ ತಿಂಡಿ, ಇವುಗಳಿಂದ ನಮ್ಮ ಹೊಟ್ಟೆ ತುಂಬಿತು. ಅವಲಕ್ಕಿ, ಚಟ್ನಿಪುಡಿ ಒಯ್ದರೆ ಒಳ್ಳೆಯದು. ನಮ್ಮ ಶೇಂಗಾ ಚಟ್ನಿಪುಡಿಯನ್ನು ಅವರು ಕೆನೆಯೊಂದಿಗೆ ಸವಿದು ಖಾಲಿ ಮಾಡಿದರು. ದುಭಾಷಿಯಾಗಿದ್ದ ವಿದ್ಯಾರ್ಥಿನಿಯ ಬಗ್ಗೆ ಹೊಗಳಿಕೆಯ ಹೊರತು ಬೇರೆ ಮಾತಿಲ್ಲ. ಗೊತ್ತಿಲ್ಲದ್ದನ್ನು ಅವಳು ಯಜಮಾನರನ್ನೇ ಕೇಳಿ ಹೇಳುತ್ತಿದ್ದಳು.

ಐದನೆಯ ದಿನ ಹುಸ್ತಾಯ್ ಉದ್ಯಾನದೊಳಗೆ ಹೋಗಿದ್ದು ಸವಾರಿಯಲ್ಲಿ ಅಲ್ಲ, ವಾಹನದಲ್ಲಿ. ಅಲ್ಲಿರುವ ಕಾಡುಕುದುರೆ 'ತಾಖಿ'. ಸಾಕುಕುದುರೆಗಿರುವ 64 ವರ್ಣತಂತುಗಳ ಬದಲು 66 ಇರುವ ಈ ಕುದುರೆಯನ್ನು ಕಾಡಿನಲ್ಲಿ ಕೊನೆಯದಾಗಿ ಕಂಡದ್ದು 1969ರಲ್ಲಿ, ಗೋಬಿ ಮರುಭೂಮಿಯಲ್ಲಿ. ಯುರೋಪಿನ ಮೃಗಾಲಯಗಳಲ್ಲಿ ಉಳಿದಿದ್ದ ಕೆಲವೇ ಕುದುರೆಗಳ ಸಂತತಿಯನ್ನು 1992ರಿಂದ ಇಲ್ಲಿಗೆ ತಂದು ಬಿಟ್ಟರು, ಈಗ ಈ ಉದ್ಯಾನದಲ್ಲಿಯೇ 300ಕ್ಕೂ ಹೆಚ್ಚಿವೆ. ಸಾಕುಕುದುರೆಗಳೊಡನೆ ಬೆರೆತು ತಳಿ ಕಲಬೆರಕೆಯಾಗದಿರಲಿ ಎಂದು ಸುತ್ತಲಿನ ಪಶುಪಾಲಕರು ತಮ್ಮ ಹಿಂಡನ್ನು ದೂರವಿಡುತ್ತಾರೆ. ಸಂಜೆ ಆರರ ಹೊತ್ತಿಗೆ ನೀರಿಗಾಗಿ ಇಳಿದ ಒಂದು ಗುಂಪನ್ನು ದೂರದಿಂದ ನೋಡಿದೆವು. ನೆಟ್ಟಗೆ ನಿಂತ ಗಿಡ್ಡ ಕತ್ತುಗೂದಲು, ಬೆನ್ನುದ್ದಕ್ಕೂ ಕಪ್ಪು ಗೆರೆ, ಬಿಳಿಚು ಮೂತಿ. ಹುಟ್ಟಿದಾರಭ್ಯ ಕುದುರೆಯೊಡನೆ ಬದುಕಿದ ಯಜಮಾನರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅವು ನೀರು ಕುಡಿದು ಗುಡ್ಡ ಹತ್ತುವವರೆಗೂ ಒಂದು ಮಾತನ್ನೂ ಆಡದೆ ನಿಂತಿದ್ದರು.

ಹೋಗಬೇಕೆಂದಿರುವವರು ಕುದುರೆಗೆ, ಮಾರ್ಗದರ್ಶಕರಿಗೆ, ದುಭಾಷಿಗೆ ಬೇರೆ ಬೇರೆಯಾಗಿ ಎಷ್ಟು ಹಣ ಸೇರುತ್ತದೆ ಎಂಬುದನ್ನು ಸಂಸ್ಥೆಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಹೆಲ್ಮೆಟ್ಟನ್ನು ನೀವೇ ಒಯ್ಯಿರಿ, ಕುದುರೆ ಸವಾರಿಯನ್ನು ಒಳಗೊಂಡ ವಿಮೆಯನ್ನು ಮಾಡಿಸಿಕೊಳ್ಳಿರಿ. ಐರಗ್ ಬೇಕಾದರೆ ಜುಲೈ, ಆಗಸ್ಟ್ ತಿಂಗಳೇ ಸರಿ. ಸೆಪ್ಟೆಂಬರಿನಲ್ಲಿ ಆಕಾಶ ತಿಳಿಯಾಗಿ ಸವಾರಿಗೆ ಹಿತವೆನ್ನುತ್ತಾರೆ, ಆದರೆ ಅಷ್ಟರಲ್ಲಿ ಈ ಕುಟುಂಬ ಗೆರ್ ಬಿಚ್ಚಿ ಶರತ್ಕಾಲದ ಬೀಡಿಗೆ ಹೋಗಿರುತ್ತದೆ, ಅದು ಎಲ್ಲಿ ಎಂಬುದು ಆ ವರ್ಷ ಎಲ್ಲಿ ಮಳೆಯಾಗಿದೆ ಎಂಬುದರ ಮೇಲೆ ನಿಲ್ಲುತ್ತದೆ. ಆದ್ದರಿಂದ ಹೊರಡುವ ಹಿಂದಿನ ದಿನ ದುಭಾಷಿಯಿಂದ ಅವರಿಗೆ ಫೋನ್ ಮಾಡಿಸಿ, ಬೀಡು ಎಲ್ಲಿದೆಯೆಂದು ಕೇಳಿಕೊಂಡು ಹೊರಡಬೇಕು.